ಅಪ್ಪ ಹೇಳಿದ ತಮಿಳು ಮಾತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನಗೊಂದು ಕೆಲಸವಿತ್ತು. ಯಾರೂ ಕೂರಿಸಿ ಒಪ್ಪಿಸಿದ್ದಲ್ಲ, ತಾನಾಗಿ ತಲೆಗೆ ಬಿದ್ದದ್ದು. ಒಂದೇ ಸೂರಿನಡಿ ಇದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಮಾತು ಹೊತ್ತು ತಿರುಗುವ ಕೆಲಸ. ತಮ್ಮ ಎಂದರೆ ನನ್ನ ಅಪ್ಪ. ಅಣ್ಣ ಎಂದರೆ ನನ್ನ ದೊಡ್ಡಪ್ಪ.

ಅಪ್ಪ ಜಗಲಿಯ ಈ ತುದಿಯಲ್ಲಿ ಕುಳಿತು, "ನಿನ್ ದೊಡ್ಡಪ್ಪಯ್ಯಂಗೆ ಹೇಳ್, ಕೆಳಗಿನ ಗದ್ದೆಗೆ ನೀರ್ ಬಿಡೂಕ್ ಆಯ್ತ್ ಅಂತ" ಎನ್ನುತ್ತಿದ್ದ. ದೊಡ್ಡಪ್ಪ ಅದೇ ಜಗಲಿಯ ಆ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿರುತ್ತಿದ್ದ. ನಡುವೆ ಆರು ಹೆಜ್ಜೆ. ಮಾತು ಅವನ ಕಿವಿಗೆ ಆಗಲೇ ಬಿದ್ದಿರುತ್ತಿತ್ತು. ಆದರೂ ನಾನು ಆರು ಹೆಜ್ಜೆ ನಡೆದು ಹೋಗಿ ಅದನ್ನೇ ಮತ್ತೆ ಹೇಳಬೇಕು. ಆಮೇಲೆ ದೊಡ್ಡಪ್ಪ ಎಲೆ ಮಡಚಿ ಬಾಯಿಗಿಟ್ಟು, "ಗದ್ದೆ ವಿಷಯ ನಂಗ್ ಹೇಳೂಕ್ ಬಪ್ಪುದ್ ಬೇಡ ಅಂತ ಹೇಳ್" ಎನ್ನುತ್ತಿದ್ದ. ನಾನು ಆರು ಹೆಜ್ಜೆ ವಾಪಸು ಬಂದು, "ಆಯ್ತಂಬ್ರು, ಕಾಂತ್ರಂಬ್ರು" ಎನ್ನುತ್ತಿದ್ದೆ, ಆಯಿತಂತೆ, ನೋಡುತ್ತಾರಂತೆ ಎಂದು. ಹೀಗೆ ಕೆಲವು ಮಾತುಗಳನ್ನು ದಾರಿಯಲ್ಲೇ ಸ್ವಲ್ಪ ತೊಳೆದು ಕೊಡುತ್ತಿದ್ದೆ. ಅಪ್ಪನಿಗೂ ಅಸಲು ಮಾತು ಕೇಳಿಸಿರುತ್ತಿತ್ತು. ಆದರೂ ತೊಳೆದದ್ದನ್ನೇ ತೆಗೆದುಕೊಳ್ಳುತ್ತಿದ್ದ.

ನಮ್ಮ ಮನೆ ಇದ್ದದ್ದು ಕೋಟದಲ್ಲಿ, ಹೆದ್ದಾರಿಯ ಪಕ್ಕಕ್ಕೇ. ಎದುರಿಗೆ ಬಿಳಿ ಮರಳಿನ ಅಂಗಳ, ಅದರಾಚೆ ನಾಲ್ಕು ತೆಂಗಿನ ಮರ, ಅದರಾಚೆ ರಸ್ತೆ. ಬಸ್ಸು ಹೋದಾಗಲೆಲ್ಲ ಜಗಲಿಯ ಕಂಬ ಸಣ್ಣಗೆ ನಡುಗುತ್ತಿತ್ತು. ದೊಡ್ಡಪ್ಪ ಮನೆಯಲ್ಲೇ ಉಳಿದು ಗದ್ದೆ ನೋಡಿಕೊಂಡವನು. ಅಪ್ಪ ಮೀಸೆ ಮೂಡುವ ಮೊದಲೇ ಮದರಾಸಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸಪ್ಲಾಯರ್ ಆಗಿ, ಆಮೇಲೆ ಅಡುಗೆಯವನಾಗಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಊರಿಗೆ ಬಂದವನು. ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದ, ಅದರ ಜೊತೆಗೆ ತಮಿಳು ಭಾಷೆಯನ್ನೂ. ಅವನು ಕೈ ಸುಟ್ಟುಕೊಂಡಾಗ ಬಾಯಿಂದ ಬರುತ್ತಿದ್ದದ್ದು ತಮಿಳೇ.

ಊರಿಗೆ ಬಂದ ಅಪ್ಪನಿಗೆ ಒಂದೇ ಆಸೆ. ರಸ್ತೆಗೆ ಮುಖ ಮಾಡಿದ ನಮ್ಮ ಜಗಲಿಯಲ್ಲಿ ನಾಲ್ಕು ಬೆಂಚು ಹಾಕಿ ಚಿಕ್ಕದೊಂದು ಹೋಟೆಲು ಇಡಬೇಕು. ಬಸ್ಸು ನಿಲ್ಲುವ ಜಾಗ, ಇಡ್ಲಿ ಕಾಫಿ ಕೊಟ್ಟರೆ ನಡೆಯುತ್ತದೆ ಎಂದು ಅವನ ಲೆಕ್ಕ. ದೊಡ್ಡಪ್ಪ ಕೇಳಿದವನೇ ಎದ್ದು ನಿಂತು, ರಸ್ತೆಯಲ್ಲಿ ಹೋಗುವವರೂ ನಿಂತು ನೋಡುವಂತೆ ಕೂಗಿದ:

"ನಾ ಇಪ್ಪಷ್ಟ್ ದಿನ ಈ ಜಗಲಿ ಮೇಲೆ ಕಂಡವ್ರ್ ಎಂಜಲ್ ಲೋಟ ಬೀಳೂಕಾಗ!"

ಕಂಡವರ ಎಂಜಲು ಲೋಟ ತೊಳೆದೇ ಬೆಳೆದವನು ಅಪ್ಪ. ಅವನು ಬಿಳುಚಿಕೊಂಡು ಒಳಗೆ ಹೋದ. ಆವತ್ತಿನಿಂದ ಅವರಿಬ್ಬರಿಗೂ ಮಾತಿಲ್ಲ. ಎಂಟು ತಿಂಗಳು ಹಾಗೇ ನಡೆಯಿತು. ಊಟ ಒಂದೇ ಒಲೆಯದು, ನೀರು ಒಂದೇ ಬಾವಿಯದು. ಅಮ್ಮ ಮತ್ತು ದೊಡ್ಡಮ್ಮ ಒಂದೇ ಕಡೆಯುವ ಕಲ್ಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. ಆದರೆ ಒಬ್ಬಳು ರುಬ್ಬುವಾಗ ಇನ್ನೊಬ್ಬಳು ಅಲ್ಲಿ ನಿಲ್ಲುತ್ತಿರಲಿಲ್ಲ.

ನನಗೆ ಇದ್ದ ಒಂದೇ ಸಮಾಧಾನವೆಂದರೆ ಅಕ್ಕ. ಅಕ್ಕ ಎಂದರೆ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು, ಒಂದೇ ಬಾಚಣಿಗೆಯಲ್ಲಿ ತಲೆ ಬಾಚುತ್ತಿದ್ದೆವು. ದೊಡ್ಡವರ ಜಗಳ ದೊಡ್ಡವರಿಗೆ, ನಮಗೆ ಬೇಡ ಎಂದು ಗೇರುಮರದ ಕೆಳಗೆ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಂಡಿದ್ದೆವು.

ಬೇಸಿಗೆಯ ಒಂದು ಮಧ್ಯಾಹ್ನ ಮೈಕು ಕಟ್ಟಿದ ಜೀಪೊಂದು ನಮ್ಮ ರಸ್ತೆಯಲ್ಲಿ ಬಣ್ಣದ ಚೀಟಿ ಎಸೆಯುತ್ತ ಹೋಯಿತು. ಕುಂದಾಪುರದ ಟಾಕೀಸಿಗೆ ಒಂದು ವಾರದ ಮಟ್ಟಿಗೆ ತಮಿಳು ಸಿನಿಮಾ ಬಂದಿದೆಯಂತೆ. ಕೂಡಿ ಬಾಳುವ ನಾಲ್ವರು ಅಣ್ಣತಮ್ಮಂದಿರ ಕಥೆಯಂತೆ, ನೋಡಿದವರು ಅಳದೆ ಹೊರಗೆ ಬರುವುದಿಲ್ಲವಂತೆ. ಅಜ್ಜಿ ಬೇಲಿಯ ಹತ್ತಿರ ನಿಂತು ಅಷ್ಟನ್ನೂ ಕೇಳಿದಳು. ಅಪ್ಪ ದೊಡ್ಡಪ್ಪಂದಿರನ್ನು ಹೆತ್ತ ಅಜ್ಜಿ. ಎಂಟು ತಿಂಗಳಲ್ಲಿ ಅವಳು ಬೈದಿದ್ದಳು, ಊಟ ಬಿಟ್ಟಿದ್ದಳು, ದೇವರಿಗೆ ಹೇಳಿಕೊಂಡಿದ್ದಳು. ಯಾವುದೂ ನಡೆದಿರಲಿಲ್ಲ. ಇದೊಂದು ಬಾಕಿ ಇತ್ತು ಅಂತ ಅವಳಿಗೆ ಅನಿಸಿರಬೇಕು.

ರಾತ್ರಿ ಊಟಕ್ಕೆ ಬಡಿಸುವಾಗ ಅಜ್ಜಿ ಹೇಳಿದಳು: "ಭಾನುವಾರ ಸಿನಿಮಾಕ್ ಹೋಪ್ದ್. ಎಲ್ರೂ."

ದೊಡ್ಡಪ್ಪ ಅನ್ನ ಕಲಸುವುದನ್ನು ನಿಲ್ಲಿಸದೆ ಕೇಳಿದ: "ತಮಿಳ್ ಯಾರಿಗೆ ತಿಳಿತ್?"

"ಇವ ಹೇಳ್ತ," ಎಂದು ಅಜ್ಜಿ ಸೌಟಿನಿಂದ ಅಪ್ಪನನ್ನು ತೋರಿಸಿದಳು. "ಬಾರದಿದ್ದವ್ನಿಗೆ ಈ ಮನೇಲಿ ನಾ ಬಡಿಸ್ತಿಲ್ಲ."

ಹಾಗಾಗಿ ಎಲ್ಲರೂ ಹೊರಟೆವು.

ಆ ಭಾನುವಾರ ಬೆಳಿಗ್ಗೆಯಿಂದಲೇ ಸೆಕೆ. ಅಮ್ಮ ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ಜಡೆ ಹೆಣೆದು ಅಬ್ಬಲಿಗೆ ಹೂ ಮುಡಿಸಿದಳು. ಬಸ್ಸಿನಲ್ಲಿ ಅಪ್ಪ ಮುಂದಿನ ಬಾಗಿಲಲ್ಲಿ ಹತ್ತಿದರೆ ದೊಡ್ಡಪ್ಪ ಹಿಂದಿನದರಲ್ಲಿ ಹತ್ತಿದ. ಕಿಟಕಿಯಿಂದ ಒಣಮೀನು, ಸುಟ್ಟ ಗೇರುಬೀಜ, ಡಾಂಬರು ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು, "ಇವತ್ ಸರಿ ಆತ್ತ್ ಕಾಣ್" ಎಂದು ಕಿವಿಯಲ್ಲಿ ಹೇಳಿದಳು.

ಟಾಕೀಸಿನೊಳಗೆ ಕಾಲಿಟ್ಟರೆ ಕಣ್ಣಿಗೆ ಏನೂ ಕಾಣದ ಕತ್ತಲೆ, ಬೀಡಿಯ ಹೊಗೆ, ಬೆವರಿನ ಬಿಸಿ. ಬೆನ್ನಿರುವ ಉದ್ದನೆಯ ಬೆಂಚುಗಳು. ನಮ್ಮ ಬೆಂಚಿನ ಒಂದು ತುದಿ ಗೋಡೆಗೆ ತಾಗಿತ್ತು. ದೊಡ್ಡಪ್ಪ ಹೋಗಿ ಆ ಗೋಡೆಗೆ ಒತ್ತಿ ಕುಳಿತ. ಪಕ್ಕದಲ್ಲಿ ದೊಡ್ಡಮ್ಮ, ಆಮೇಲೆ ಅಮ್ಮ, ಅಕ್ಕ, ನಾನು, ಅಜ್ಜಿ. ಇತ್ತ ನಡೆಯುವ ದಾರಿಯ ಪಕ್ಕಕ್ಕೆ ಅಪ್ಪ. ಒಂದು ಬೆಂಚು ಎಷ್ಟು ಉದ್ದವಿತ್ತೋ ಅಷ್ಟು ದೂರ ಕುಳಿತರು ಅವರಿಬ್ಬರು.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅಪ್ಪ ಗಟ್ಟಿಯಾಗಿಯೇ ತಮಿಳನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಬೇಕಾಯಿತು. ಮೊದಮೊದಲು ಹಿಂದಿನವರು "ಶ್" ಎಂದರು. ಸ್ವಲ್ಪ ಹೊತ್ತಿಗೆ ಅವರಿಗೂ ತಿಳಿಯಿತು, ಈ ಮನುಷ್ಯ ಹೇಳುವುದನ್ನು ಕೇಳಿದರೆ ಕಥೆ ಅರ್ಥವಾಗುತ್ತದೆ ಎಂದು. ಮುಂದಿನ ಬೆಂಚಿನವರು ತಲೆ ಹಿಂದಕ್ಕೆ ಹಾಕಿ ಕೇಳತೊಡಗಿದರು. ಯಾರೋ, "ಹ್ವಾಯ್, ಗಟ್ಟಿ ಹೇಳಿ ಮಾರಾಯ್ರೆ!" ಎಂದರು. ಅಪ್ಪ ಹುರುಪಾದ. ಪರದೆಯ ಮೇಲೆ ಯಾರು ಮಾತಾಡಿದರೂ ಅಪ್ಪನ ಬಾಯಲ್ಲಿ ಅವರು ಕುಂದಾಪುರದವರಾಗಿ ಬಿಡುತ್ತಿದ್ದರು.

ಕಥೆ ಹೀಗಿತ್ತು. ತಂದೆಯಿಲ್ಲದ ಮನೆ. ದೊಡ್ಡ ಅಣ್ಣ ಮೂವರು ತಮ್ಮಂದಿರನ್ನು ಸಾಕಿ ದೊಡ್ಡವರನ್ನಾಗಿ ಮಾಡುತ್ತಾನೆ. ಎಲ್ಲರಿಗೂ ಮದುವೆಯಾಗುತ್ತದೆ. ಒಲೆಯ ಹತ್ತಿರ ಆಡಿದ ಮಾತು ಜಗಲಿಗೆ ಬರುತ್ತದೆ, ಜಗಲಿಯ ಮಾತು ಬೀದಿಗೆ. ನಾಲ್ವರೂ ಸೇರಿ ಒಬ್ಬರ ಬೆನ್ನು ಒಬ್ಬರು ಉಜ್ಜುತ್ತ ಹೊಳೆಯಲ್ಲಿ ಮೀಯುವ ಒಂದು ದೃಶ್ಯವಿತ್ತು. ಚಿಕ್ಕವನು ಎಲ್ಲರ ಪಂಚೆ ಕದ್ದು ಓಡುತ್ತಾನೆ. ಇಡೀ ಟಾಕೀಸು ನಕ್ಕಿತು. ನಾನು ಬಗ್ಗಿ ನೋಡಿದೆ. ಗೋಡೆಗೆ ಒರಗಿದ್ದ ದೊಡ್ಡಪ್ಪನೂ ನಗುತ್ತಿದ್ದ. ಅವನು ಅಪ್ಪನ ಮಾತು ಸರಿಯಾಗಿ ಕೇಳಲಿ ಎಂದು ಮುಂದಕ್ಕೆ ಬಾಗಿ ಕುಳಿತಿದ್ದ. ಅಜ್ಜಿ ನನ್ನ ಮೊಣಕಾಲನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಇಂಟರ್ವಲ್ ಆಯಿತು. ಅಲ್ಲೇ ಎಲ್ಲ ಕೆಟ್ಟದ್ದು.

ಅಪ್ಪ ಹೊರಗೆ ಹೋಗಿ ಎಲ್ಲರಿಗೂ ಗೋಲಿ ಸೋಡಾ ತಂದ. ಎಂಟು ತಿಂಗಳಲ್ಲಿ ಅವನು ದೊಡ್ಡಪ್ಪನಿಗೆಂದು ಏನಾದರೂ ತಂದದ್ದು ಅದೇ ಮೊದಲು. ನನ್ನ ಎರಡೂ ಕೈಗೆ ತಣ್ಣಗಿನ ಬಾಟಲಿ ಕೊಟ್ಟು, "ಅವ್ರಿಬ್ರಿಗೆ ಕೊಟ್ ಬಾ" ಎಂದ. ನಾನು ಎಲ್ಲರ ಮೊಣಕಾಲಿನ ಎದುರಿನಿಂದ ನುಸುಳಿ ಹೋಗಿ ದೊಡ್ಡಪ್ಪನ ಎದುರು ನಿಂತೆ. ದೀಪ ಹತ್ತಿತ್ತು. ನಮ್ಮ ಊರಿನ ಪರಿಚಯದವರು ಇಬ್ಬರು ಹಿಂದಿನ ಬೆಂಚಿನಲ್ಲಿ ನಿಂತು ಮಾತಾಡುತ್ತಿದ್ದರು. ಒಬ್ಬ ಸುಮ್ಮನೆ ಹೊಗಳಲೆಂದು, "ನಿಮ್ ತಮ್ಮ ಲಾಯ್ಕ್ ಹೇಳ್ತ್ರ್, ಇಲ್ದಿದ್ರೆ ನಮ್ಗೆ ಎಂತದೂ ತಿಳೀತಿರ್ಲಿಲ್ಲ" ಎಂದ.

ಆ ಹೊಗಳಿಕೆ ದೊಡ್ಡಪ್ಪನಿಗೆ ಎಲ್ಲಿ ಚುಚ್ಚಿತೋ ನನಗೆ ಗೊತ್ತಿಲ್ಲ. ಅವನು ಬಾಟಲಿ ತೆಗೆದುಕೊಳ್ಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರಿಗೆ ಹೇಳಿದ:

"ಅಪ್ಪಯ್ಯ ಸಪ್ಲಾಯರ್, ಮಗ್ಳೂ ಸಪ್ಲಾಯರ್. ಹಿಡ್ಕಂಡ್ ನಿಂತದ್ ಕಾಣಿ, ಎಷ್ಟ್ ಚಂದ ಇತ್!"

ಅವರಿಬ್ಬರೂ ನಕ್ಕರು. ಸುತ್ತಲಿನವರೂ ನಕ್ಕರು. ದೊಡ್ಡಮ್ಮ ಬಾಟಲಿಗೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಎರಡೂ ಬಾಟಲಿ ಹಿಡಿದುಕೊಂಡು ಬಂದಷ್ಟೇ ದೂರ ವಾಪಸು ಹೋದೆ. ಆ ಮಾತನ್ನು ತೊಳೆಯುವುದು ನನ್ನಿಂದಾಗಲಿಲ್ಲ. ತೊಳೆಯುವ ಅಗತ್ಯವೂ ಇರಲಿಲ್ಲ, ಅಪ್ಪ ಕೇಳಿದ್ದ. ಅವನು ನನ್ನ ಕೈಯಿಂದ ಬಾಟಲಿ ತೆಗೆದು ಬೆಂಚಿನ ಕೆಳಗಿಟ್ಟ. ದೀಪ ಆರಿತು.

ಎರಡನೆಯ ಭಾಗದಲ್ಲಿ ಅಪ್ಪ ಚೂರುಪಾರು ಹೇಳುತ್ತಿದ್ದ, ಅಜ್ಜಿ ಕೇಳಿದರೆ ಮಾತ್ರ. ಸಿನಿಮಾದಲ್ಲಿ ಚಿಕ್ಕ ತಮ್ಮ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋದ. ದೊಡ್ಡ ಅಣ್ಣ ಊಟದ ಹೊತ್ತಿಗೆ ಎಲ್ಲರ ಜೊತೆ ಅವನಿಗೂ ಒಂದು ಎಲೆ ಹಾಕಿಸಿದ. ಎಲ್ಲರೂ ಉಂಡು ಎದ್ದು ಹೋದರು. ಅಣ್ಣ ಮಾತ್ರ ಆ ಖಾಲಿ ಎಲೆಯ ಎದುರು ಕುಳಿತ. ಕುಳಿತು, ಎಲೆಯ ಜೊತೆ, ಮನುಷ್ಯರ ಹತ್ತಿರ ಮಾತಾಡಿದ ಹಾಗೆ, ಮಾತಾಡತೊಡಗಿದ. ಅವನ ಮುಖ ಪರದೆಯ ತುಂಬ ಬಂತು. ಕಣ್ಣೀರು ಗಲ್ಲದಿಂದ ಎಲೆಯ ಮೇಲೆ ಬೀಳುತ್ತಿತ್ತು.

"ಎಂತ ಹೇಳ್ತಾ ಇದ್ದ ಮಗಾ ಅವ?" ಎಂದು ಅಜ್ಜಿ ಮೂಗು ಒರೆಸುತ್ತ ಕೇಳಿದಳು.

ಅಪ್ಪ ಗೋಡೆಯ ತನಕ ಕೇಳುವಂತೆ ಹೇಳಿದ:

"ಅವ ಹೇಳ್ತಾ ಇದ್ದ, 'ನಾ ಇಪ್ಪಷ್ಟ್ ದಿನ ಈ ಜಗಲಿ ಮೇಲೆ ಕಂಡವ್ರ್ ಎಂಜಲ್ ಲೋಟ ಬೀಳೂಕಾಗ!'"

ಮುಂದಿನ ಬೆಂಚಿನವನೊಬ್ಬ ತಿರುಗಿ, "ಅಷ್ಟಕ್ಕೆ ಹಾಂಗೆ ಅಳ್ತ್ನಾ ಮಾರಾಯ್ರೆ?" ಎಂದ. ಸುತ್ತಲಿನವರು ಕಿಸಕ್ಕೆಂದರು. ಅಪ್ಪ ಬಿಡಲಿಲ್ಲ. "'ನಂಗ್ ತಮ್ಮ ಬೇಡ, ಜಗಲಿ ಒಂದ್ ಇದ್ರೆ ಸಾಕ್' ಅಂತ ಹೇಳ್ತ." ಈಗ ನಾಲ್ಕು ಬೆಂಚು ಒಟ್ಟಿಗೆ ನಕ್ಕವು. ಪರದೆಯ ಮೇಲೆ ಆ ಮನುಷ್ಯ ಎದೆ ಒಡೆದು ಅಳುತ್ತಿದ್ದ, ನಮ್ಮ ಸುತ್ತ ಜನ ನಗುತ್ತಿದ್ದರು.

ಆ ನಗುವವರಲ್ಲಿ ನಾನೂ ಇದ್ದೆ. ಸುಳ್ಳು ಹೇಳುವುದಿಲ್ಲ ಮಕ್ಕಳೇ, ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಾನೇ. ಸೋಡಾ ಬಾಟಲಿ ಹಿಡಿದು ನಿಂತ ನನ್ನ ಕೈಗಳು ಇನ್ನೂ ತಣ್ಣಗಿದ್ದವು. ದೊಡ್ಡಪ್ಪನಿಗೆ ಕೇಳಲಿ ಎಂದೇ ನಕ್ಕೆ. ಪಕ್ಕದಲ್ಲಿ ಕುಳಿತಿದ್ದ ಅಕ್ಕ ತಿರುಗಿ ನನ್ನ ಮುಖ ನೋಡಿದಳು. ನನ್ನ ಕೈಯೊಳಗಿದ್ದ ಅವಳ ಕೈಯನ್ನು ಬಿಡಿಸಿಕೊಂಡಳು.

ದೊಡ್ಡಪ್ಪ ಎದ್ದು ನಿಂತ. ಪರದೆಯ ಬೆಳಕು ಅವನ ಅರ್ಧ ಮುಖದ ಮೇಲೆ ಬಿತ್ತು. ಹಿಂದಿನವರು, "ಕೂಕಣಿ, ಕೂಕಣಿ!" ಎಂದು ಕೂಗಿದರು. ಗೋಡೆಯ ಕಡೆಯಿಂದ ಹೊರಗೆ ಹೋಗಲು ದಾರಿಯಿಲ್ಲ, ನಮ್ಮೆಲ್ಲರನ್ನೂ ದಾಟಿಯೇ ಹೋಗಬೇಕು. ದೊಡ್ಡಮ್ಮ, ಅಮ್ಮ, ಅಕ್ಕ, ನಾನು, ಅಜ್ಜಿ ಒಬ್ಬೊಬ್ಬರಾಗಿ ಕಾಲು ಎಳೆದುಕೊಂಡೆವು. ಅಪ್ಪ ಎಳೆದುಕೊಳ್ಳಲಿಲ್ಲ. ಎರಡೂ ಕಾಲನ್ನು ಚಾಚಿ ಪರದೆ ನೋಡುತ್ತ ಕುಳಿತೇ ಇದ್ದ. ಅಜ್ಜಿ ಅವನ ತೋಳು ಚಿವುಟಿದ್ದನ್ನು ನಾನು ಕಂಡೆ. ಅವನು ಅಲುಗಲಿಲ್ಲ. ದೊಡ್ಡಪ್ಪ ಒಂದು ಕ್ಷಣ ಕಾದ. ಆಮೇಲೆ ಪಂಚೆ ಎತ್ತಿ ಹಿಡಿದು ತಮ್ಮನ ಕಾಲನ್ನು ದಾಟಿಕೊಂಡು ಹೋದ. ಒಬ್ಬರ ಕಾಲನ್ನು ಇನ್ನೊಬ್ಬರು ದಾಟಬಾರದು, ದಾಟಿದರೆ ಆ ಸಂಬಂಧಕ್ಕೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ಹೇಳುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಆಮೇಲಿನ ಸಿನಿಮಾ ನಮಗೆ ಯಾರಿಗೂ ಗೊತ್ತಿಲ್ಲ. ಅಪ್ಪ ಮತ್ತೆ ಬಾಯಿ ತೆರೆಯಲಿಲ್ಲ. ಜನ, "ಹೇಳಿ, ಹೇಳಿ" ಎಂದು ಕೇಳಿ ಕೇಳಿ ಬೈದುಕೊಂಡು ಸುಮ್ಮನಾದರು.

ಹೊರಗೆ ಬಂದರೆ ದೊಡ್ಡಪ್ಪ ಎಲ್ಲೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲೂ ಇಲ್ಲ. ಎಂಟು ತಿಂಗಳು ಮಾತು ಮಾತ್ರ ಕಡಿಮೆ ಮಾಡಿಕೊಂಡಿದ್ದ ಅಮ್ಮ ಮತ್ತು ದೊಡ್ಡಮ್ಮ ಅಲ್ಲಿ ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತು ಜಗಳವಾಡಿದರು. "ನಿನ್ ಗಂಡ ಊರೆದುರು ಮಾನ ತೆಗ್ದ" ಎಂದು ದೊಡ್ಡಮ್ಮ. "ಸಣ್ ಹೆಣ್ಣಿಗೆ ಸಪ್ಲಾಯರ್ ಅಂದದ್ ಯಾರ್?" ಎಂದು ಅಮ್ಮ. ಗಾಡಿಯವನು ಹಣ್ಣಿನ ಮೇಲಿನ ನೊಣ ಓಡಿಸುವುದನ್ನೂ ಮರೆತು ನೋಡುತ್ತಿದ್ದ.

ಅಕ್ಕ ನನ್ನಿಂದ ನಾಲ್ಕು ಮಾರು ದೂರ ನಿಂತಿದ್ದಳು. ನಾನು ಹತ್ತಿರ ಹೋದೆ.

"ನೀ ನಗಾಡ್ದೆ," ಎಂದಳು.

"ನಿನ್ ಅಪ್ಪಯ್ಯ ನಂಗೆ ಎಂತ ಹೇಳ್ದ್ರ್, ಕೇಂಡಿಲ್ಯಾ?"

"ನೀ ನಗಾಡ್ದೆ," ಎಂದು ಮತ್ತೆ ಅದನ್ನೇ ಹೇಳಿ ಬೆನ್ನು ಹಾಕಿದಳು.

ಬಸ್ಸು ಕೋಟೇಶ್ವರ ದಾಟಿದ ಮೇಲೆ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹ್ವಾಯ್, ನಿಲ್ಸಿ! ಬಸ್ ನಿಲ್ಸಿ!" ಎಂದು ಕಿರುಚಿದಳು. ಮುಂದೆ ರಸ್ತೆಯ ಅಂಚಿನಲ್ಲಿ ದೊಡ್ಡಪ್ಪ ನಡೆಯುತ್ತಿದ್ದ. ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಬಸ್ಸು ನಿಂತಿತು. ಅವನು ಕಿಟಕಿಯಲ್ಲಿ ನಮ್ಮ ಮುಖ ನೋಡಿದ. ನೋಡಿ, ರಸ್ತೆ ದಾಟಿ ಆ ಪಕ್ಕಕ್ಕೆ ಹೋಗಿ ನಡೆಯತೊಡಗಿದ.

"ಇಳ್ದ್ ಹೋಯ್ ಕರ್ಕಂಡ್ ಬಾ," ಎಂದು ಅಜ್ಜಿ ಅಪ್ಪನಿಗೆ ಹೇಳಿದಳು.

"ನಂಗಾತಿಲ್ಲ," ಎಂದ ಅಪ್ಪ.

"ಕಾಲ್ ಹಿಡಿ ಅಂತ ಹೇಳಿಲ್ಲ. ಬಸ್ಸಿಗೆ ಬಾ ಅಂತ ಕರಿ."

"ನಂಗಾತಿಲ್ಲಬ್ಬಿ."

ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು, "ಅಜ್ಜಿ, ಎಂತ ಮಾಡ್ತ್ರಿ? ಬಸ್ ಹೊರಡೂಕಿತ್" ಎಂದ. ಅಜ್ಜಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕಂಬಿ ಹಿಡಿದು, ತಾನೇ ಇಳಿದಳು. ಅವಳ ಹಿಂದೆ ದೊಡ್ಡಮ್ಮ ಇಳಿದಳು. ಅಕ್ಕ ಇಳಿದಳು. ನಾನು ಅರ್ಧ ಎದ್ದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ, ಸುಮ್ಮನೆ, "ಕೂಕೊ" ಎಂದ. ನಾನು ಕುಳಿತೆ. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವರು ನಾಲ್ವರೂ ಸಣ್ಣಗಾಗುತ್ತ ಹೋದರು. ಅಕ್ಕನ ಜಡೆಯ ಅಬ್ಬಲಿಗೆ ಮಾತ್ರ ತುಂಬ ದೂರದವರೆಗೆ ಕೆಂಪಗೆ ಕಾಣುತ್ತಿತ್ತು.

ಮನೆಗೆ ಬಂದು ಅಪ್ಪ ಜಗಲಿಯಲ್ಲಿ ಕುಳಿತ. ಮನೆ ಖಾಲಿ ಹೊಡೆಯುತ್ತಿತ್ತು. ಕರು ಕೂಗುತ್ತಿತ್ತು, ಅದಕ್ಕೆ ನೀರು ಕೊಡುವವಳು ದೊಡ್ಡಮ್ಮ. ನಾನು ಅಪ್ಪನ ಹತ್ತಿರ ಹೋಗಿ ನಿಂತೆ.

"ಆ ಎಲೆ ಎದುರು ಅವ ನಿಜವಾಗಿ ಎಂತ ಹೇಳ್ದ್?"

ಅಪ್ಪ ರಸ್ತೆಯನ್ನೇ ನೋಡುತ್ತ ಹೇಳಿದ: "'ಅವ ಉಣ್ದೆ ನಾ ಉಂತಿಲ್ಲ. ಬಂದ್ ಬೈಲಿ, ಬಂದ್ ಹೊಡೀಲಿ. ಬಂದ್ರ್ ಸಾಕ್' ಅಂದ."

"ಮತ್ತೆ ನೀವ್ ಎಂತಕ್ಕೆ..."

"ಹೋಯ್ ಕೈಕಾಲ್ ತೊಳ್ಕೊ."

ಅವರು ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಜ್ಜಿಯ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ನಾನು ಬಿಸಿನೀರು ತಂದು ಕಾಲು ತೊಳೆದೆ. ಅಕ್ಕ ಆವತ್ತು ಚಾಪೆಯನ್ನು ಅವರಮ್ಮನ ಕೋಣೆಗೆ ಒಯ್ದಳು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಬಾವಿಯಲ್ಲಿ ನೀರು ಸೇದುತ್ತಿದ್ದ. ನಾನು ಕೊಡಪಾನ ಹಿಡಿದುಕೊಂಡು ಹೋದೆ. ನನಗೆ ಅವನ ಮೇಲೆ ಸಿಟ್ಟು ಇಳಿದಿರಲಿಲ್ಲ. ಆದರೂ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಇರಲಿಕ್ಕೂ ಆಗುತ್ತಿರಲಿಲ್ಲ. ಒಂದೇ ಉಸಿರಿಗೆ ಹೇಳಿದೆ: ಸಿನಿಮಾದ ಅಣ್ಣ ಲೋಟದ ಮಾತು ಹೇಳಲಿಲ್ಲ, ತಮ್ಮ ಬಾರದೆ ಉಣ್ಣುವುದಿಲ್ಲ ಎಂದ, ಬಂದು ಬೈದರೂ ಆದೀತು ಎಂದ.

ದೊಡ್ಡಪ್ಪ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ ನಂಗೆ," ಎಂದ.

"ನಿಮ್ಗೆ ತಮಿಳ್ ಬತ್ತಾ?"

"ತಮಿಳ್ ಎಂತಕ್ಕೆ? ಅವನ ಮುಖ ಕಂಡ್ರೆ ಗೊತ್ತಾತ್ತಿಲ್ಯಾ? ಬೈವವ ಹಾಂಗೆ ಅಳ್ತ್ನಾ?" ಕೊಡಪಾನ ಕಟ್ಟೆಯ ಮೇಲಿಟ್ಟ. "ಅಷ್ಟ್ ಅಳುವವ್ನ ಬಾಯಾಗೆ ನನ್ ಮಾತ್ ತಂದ್ ಇಟ್ಟ ನಿನ್ ಅಪ್ಪಯ್ಯ. ಎಂಟ್ ತಿಂಗ್ಳ್ ನಾ ನಗಾಡ್ಕಂಡ್ ಇದ್ದಿದ್ದೆ ಅಂತ ಎಣ್ಸಿದ್ನಾ ಅವ?"

ಆ ಮಾತನ್ನು ನಾನು ಹಾಗೇ ಅಪ್ಪನಿಗೆ ತಲುಪಿಸಿದೆ. ಒಂದು ಅಕ್ಷರವನ್ನೂ ತೊಳೆಯಲಿಲ್ಲ. ಅಪ್ಪ ಗಡ್ಡ ಕೆರೆಯುತ್ತಿದ್ದವನು ಅರ್ಧ ಸೋಪಿನ ಮುಖದಲ್ಲೇ ಎದ್ದು ಹಿಂಬಾಗಿಲಿಗೆ ಬಂದ. ಬಾವಿಕಟ್ಟೆಯಲ್ಲಿ ದೊಡ್ಡಪ್ಪ, ಬಾಗಿಲಲ್ಲಿ ಅಪ್ಪ, ನಡುವೆ ಕೊಡಪಾನ ಹಿಡಿದ ನಾನು. ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಇಷ್ಟು:

"ಬಾವಿ ಹಗ್ಗ ಸವ್ದಿತ್. ಬೇರೆ ತರೂಕ್ ಆಯ್ತ್."

ಎಂಟು ತಿಂಗಳ ಮೇಲೆ ಅಪ್ಪ ಅಣ್ಣನಿಗೆ ನೇರವಾಗಿ ಹೇಳಿದ ಮಾತು ಅದು. ದೊಡ್ಡಪ್ಪ ಹಗ್ಗವನ್ನು ನೋಡಿದ. ಅಪ್ಪನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, "ಹೇಳ್ ಅವ್ನಿಗೆ, ಹಗ್ಗ ನಾ ತತ್ತೆ ಅಂತ" ಎಂದ.

ನಾನು ಕೊಡಪಾನವನ್ನು ನೆಲಕ್ಕೆ ಕುಕ್ಕಿದೆ. "ನಾ ಹೇಳ್ತಿಲ್ಲ," ಎಂದೆ. "ಎದ್ರಿಗೇ ಇದ್ರಲೆ. ನೀವೇ ಹೇಳ್ಕಣಿ." ಹೇಳಿ ಓಡಿಹೋದೆ. ಗೇರುಮರದ ಕೆಳಗೆ ಕುಳಿತು ತುಂಬ ಹೊತ್ತು ಕಾದೆ, ಯಾರಾದರೂ ಕರೆಯುತ್ತಾರೆಂದು. ಮನೆಯ ಕಡೆಯಿಂದ ಯಾವ ಸದ್ದೂ ಬರಲಿಲ್ಲ.

ಅವರು ಹೇಳಿಕೊಳ್ಳಲಿಲ್ಲ. ಒಂದೂವರೆ ತಿಂಗಳಲ್ಲಿ ಅಪ್ಪ, ಅಮ್ಮ, ನಾನು ಆ ಮನೆ ಬಿಟ್ಟು ವಂಡ್ಸೆಗೆ ಹೋದೆವು. ಅಪ್ಪ ಅಲ್ಲಿ ಒಂದು ಅಂಗಡಿ ಬಾಡಿಗೆಗೆ ಹಿಡಿದು ಹೋಟೆಲು ಇಟ್ಟ. ಹೋಟೆಲು ಚೆನ್ನಾಗಿಯೇ ನಡೆಯಿತು. ದೊಡ್ಡಪ್ಪ ಕೊಲ್ಲೂರಿಗೆ ಹೋಗುವಾಗ ಆ ರಸ್ತೆಯಲ್ಲೇ ಹೋಗಬೇಕಿತ್ತು. ನಮ್ಮ ಹೋಟೆಲು ಕಾಣದ ಹಾಗೆ ಬಸ್ಸಿನ ಆ ಬದಿಯ ಸೀಟಿನಲ್ಲಿ ಕುಳಿತು ಹೋಗುತ್ತಾನೆ ಎಂದು ನೋಡಿದವರು ಹೇಳುತ್ತಿದ್ದರು. ಕೆಲವು ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದಾಗ ಇಬ್ಬರೂ ಎರಡು ಕಡೆ ಹಿಡಿದು ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿದರು. "ಮೆಲ್ಲ," ಎಂದ ಒಬ್ಬ. "ಹೂಂ," ಎಂದ ಇನ್ನೊಬ್ಬ. ಅಜ್ಜಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅಕ್ಕ ಮತ್ತು ನಾನು ಮಾತಾಡಿದ್ದು ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೆ. ಬೈಂದೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅವಳೇ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಪಾಯಸ ಬರುವ ತನಕ ಇಬ್ಬರೂ ತುಟಿ ಬಿಚ್ಚಲಿಲ್ಲ.

"ನೀ ಅವತ್ತ್ ನಗಾಡ್ದೆ ಅಲ್ದಾ?" ಎಂದಳು ಕೊನೆಗೆ.

"ಹೌದ್. ತಪ್ಪಾಯ್ತ್ ಅಕ್ಕ."

ಅವಳು ಎಲೆಯ ಮೇಲಿನ ಪಾಯಸವನ್ನು ಬೆರಳಿನಿಂದ ತಡೆದು ಹೇಳಿದಳು: "ನಂಗೂ ನಗೆ ಬಂದಿತ್ ಮಾರಾಯ್ತಿ. ಅದ್ಕೇ ಅಷ್ಟ್ ಸಿಟ್ ಬಂದದ್."

ಹದಿನೈದು ವರ್ಷ ಮಾತು ಬಿಟ್ಟದ್ದು ಅಷ್ಟಕ್ಕೆ. ನಾವು ಅಲ್ಲೇ, ಆ ಪಂಕ್ತಿಯಲ್ಲೇ, ಬಡಿಸುವವರು ಹೆದರುವ ಹಾಗೆ ನಕ್ಕೆವು. ಆಮೇಲೆ ಅತ್ತೆವು.

ನಾನು ಅವತ್ತು ಬಾವಿಕಟ್ಟೆಯಲ್ಲಿ ಒಂದು ಮಾತು ಹೊತ್ತು ಕೊಟ್ಟಿದ್ದರೆ ಮನೆ ಉಳಿಯುತ್ತಿತ್ತೇನೋ ಎಂದು ತುಂಬ ವರ್ಷ ಕೊರಗಿದ್ದೇನೆ. ಈಗ ಹಾಗನಿಸುವುದಿಲ್ಲ. ಅಷ್ಟು ದೊಡ್ಡವರಿಬ್ಬರು ಒಂದು ಸಣ್ಣ ಹೆಣ್ಣಿನ ತಲೆಯ ಮೇಲೆ ತಮ್ಮ ಸಿಟ್ಟು ಹೊರಿಸಿದ್ದೇ ತಪ್ಪು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಬ್ರಹ್ಮಾವರದ ಈ ಮನೆಯಲ್ಲಿ ನಿಮ್ಮಿಬ್ಬರಿಗೆ ಒಂದೊಂದು ಕೋಣೆ ಇದೆ, ಕೋಣೆಗೊಂದು ಬಾಗಿಲು, ಬಾಗಿಲಿಗೆ ಚಿಲಕ. ಕೈಯಲ್ಲಿ ಒಂದೊಂದು ಫೋನು. ನಮಗೆ ಜಗಳವಾದರೆ ಅಡಗಲು ಜಾಗವೇ ಇರಲಿಲ್ಲ. ಬೈದವನ ಎದುರೇ ಉಣ್ಣಬೇಕು, ಅವನು ಮಿಂದು ಉಳಿಸಿದ ಬಿಸಿನೀರಿನಲ್ಲೇ ಮೀಯಬೇಕು. ನಿಮಗೆ ಒಂದು ಗುಂಡಿ ಒತ್ತಿದರೆ ಸಾಕು, ಅಣ್ಣ ಎನ್ನುವವನೇ ಇಲ್ಲ. ಮೊನ್ನೆ ಚಿಕ್ಕವನು ಅಣ್ಣನನ್ನು ಫೋನಿನಲ್ಲಿ ಬ್ಲಾಕ್ ಮಾಡಿದ್ದಾನೆ ಎಂದು ನಿಮ್ಮಮ್ಮ ಹೇಳಿದಾಗ ನಾನು ಬಂದು ನೋಡಿದೆ. ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕುಳಿತಿದ್ದಿರಿ.

ಇವತ್ತು ಬೆಳಿಗ್ಗೆ ದೊಡ್ಡವನು ಅಡುಗೆಮನೆಗೆ ಬಂದು, "ಅಜ್ಜಿ, ಅವ್ನಿಗೆ ಹೇಳಿ, ನನ್ನ ಚಾರ್ಜರ್ ಕೊಡೂಕೆ" ಎಂದ. ಕೇಳಿದವಳೇ ಒಲೆ ಆರಿಸಿ ಬಂದು ನಿಮ್ಮಿಬ್ಬರನ್ನೂ ಇಲ್ಲಿ ಕೂರಿಸಿಕೊಂಡೆ. ಎಪ್ಪತ್ತರ ಹತ್ತಿರ ಬಂದಿದ್ದೇನೆ ಮಕ್ಕಳೇ, ಮೊಣಕಾಲೂ ಹೋಗಿದೆ. ಈ ಮನೆಯಲ್ಲಿ ಆ ಕೆಲಸಕ್ಕೆ ಜನ ಇಲ್ಲ. ನಡುವೆ ಒಂದು ಸೋಫಾ ಇದೆ, ಅಷ್ಟೇ. ಏನು ಹೇಳಬೇಕೋ ನೀವೇ ಎದ್ದು ಹೋಗಿ ಹೇಳಿಕೊಳ್ಳಿ.